ಆಷಾಢದಲ್ಲಿ ಆನ್ ಮಾಡಬಾರದ ಫೋನು

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ದೊಡ್ಡಬಸಪ್ಪನ ಮಾತಿಗೆ ಬೆಲೆಯಿತ್ತು. ಅವನ ಫೋನಿಗೆ ಮಾತ್ರ ಇರಲಿಲ್ಲ. ಗಾಜು ಸೀಳಿ, ಬೆನ್ನಿನ ಮುಚ್ಚಳ ಉದುರದಂತೆ ಎರಡು ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡಿದ್ದ ಆ ಫೋನು, ಕಿವಿಗಿಟ್ಟರೆ ಹುಣಸೆಹಣ್ಣಿನ ಅಂಟಿಗೆ ಕಿವಿಯನ್ನೇ ಕಚ್ಚಿಕೊಳ್ಳುತ್ತಿತ್ತು. ವ್ಯಾಪಾರಕ್ಕೆ ಅಷ್ಟು ಸಾಕಾಗಿತ್ತು. ವ್ಯಾಪಾರಸ್ಥರು ಕೇಳುವುದು ರೇಟು, ರೂಪವನ್ನಲ್ಲ. ಬೀಗರು ಹಾಗಲ್ಲವಲ್ಲ!

ತಂಗಿಯ ಮಗಳು ಸ್ನೇಹಲತಾಳಿಗೆ ತಂದೆಯಿರಲಿಲ್ಲ. ಆದ್ದರಿಂದ ಅವಳ ಮದುವೆಯ ಯಜಮಾನಿಕೆ ಸೋದರಮಾವನಾದ ದೊಡ್ಡಬಸಪ್ಪನದೇ. ಗಂಡು ಕಲ್ಯಾಣದುರ್ಗದ ಅಮರೇಶ, ಬೋರ್‌ವೆಲ್ ಮೋಟಾರಿನ ಅಂಗಡಿಯವನು, ಬಲು ಮಿತಭಾಷಿ. ಮಿತಭಾಷಿಯಾಗದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಆ ಮನೆಯ ಮಾತನ್ನೆಲ್ಲ ತಾಯಿ ಭ್ರಮರಾಂಬಮ್ಮ ಗುತ್ತಿಗೆ ಹಿಡಿದಿದ್ದರು. ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಲ್ಲಿ ದೊಡ್ಡಬಸಪ್ಪನ ಫೋನು ಗಂಟಲು ಕಟ್ಟಿದವರಂತೆ ಕೂಗಿತು. ಅವನು ಅದನ್ನು ಜೇಬಿನಿಂದ ತೆಗೆದದ್ದೇ ತಡ, ಭ್ರಮರಾಂಬಮ್ಮ ಹೋಳಿಗೆ ಮುರಿಯುವುದನ್ನು ಬಿಟ್ಟು ನೋಡಿದರು.

"ಅಯ್ಯೋ, ಬೀಗ್ರ ಫೋನಿಗೆ ಜಡೆ ಹಾಕವ್ರಲ್ಲಾ! ಒಂದು ಮೊಳ ಮಲ್ಲಿಗೆ ಮುಡಿಸಿದ್ರೆ ಇನ್ನೂ ಚೆಂದಾಗಿರದು ಕಣಮ್ಮ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನೂ ನಕ್ಕು ಸಾರನ್ನು ಪಾಯಸಕ್ಕೆ ಹುಯ್ದ. ದೊಡ್ಡಬಸಪ್ಪನೂ ನಕ್ಕ, ಆದರೆ ಆ ನಗು ಅವನ ಹೊಟ್ಟೆಯಲ್ಲಿ ಮದುವೆಯ ತನಕ ಹುಳಿಯುತ್ತಲೇ ಇತ್ತು.

ಮದುವೆಗೆ ಎರಡು ದಿನ ಇರುವಾಗ ಅವನು ಚೌಡೇಶನ ಮೊಬೈಲ್ ಅಂಗಡಿಗೆ ಹೋದ. ಅಂಗಡಿಯ ಗಾಜಿನ ಕಪಾಟಿನಲ್ಲಿ, ನೀಲಿ ವೆಲ್ವೆಟ್ ಮೇಲೆ, ದೇವರಂತೆ ಒಂದು ಫೋನು ಕೂತಿತ್ತು. ಓರಿಕ್ಸಾ ಅಲ್ಟ್ರಾ. ಅದೇ ವಾರ ಯಾವುದೋ ದೇಶದ ವೇದಿಕೆಯ ಮೇಲೆ ಕಂಪನಿಯವರು ಪರದೆ ಸರಿಸಿ ತೋರಿಸಿದ್ದು. ಎಲ್ಲರ ಕೈಯಲ್ಲೂ ಅದರ ಚಿತ್ರವಿತ್ತು, ಯಾರ ಕೈಯಲ್ಲೂ ಅದಿರಲಿಲ್ಲ. ಬೆನ್ನಿಗೆ ನಾಲ್ಕು ಕಣ್ಣು, ಅಂಚಿಗೆ ಚಿನ್ನದ ಬಣ್ಣ.

"ಮುಟ್ಟಿ ನೋಡಣ್ಣ, ಏನೂ ಆಗಲ್ಲ. ಡಮ್ಮಿ ಅದು," ಎಂದ ಚೌಡೇಶ. "ಒಳಗೆ ಬರೀ ಪೊಳ್ಳು. ಗಿರಾಕಿಗಳಿಗೆ ಆಸೆ ಹುಟ್ಸಕೆ ಕಂಪನಿಯೋರು ಮೊದ್ಲು ಇದನ್ನ ಕಳಿಸ್ತಾರೆ. ಅಸಲಿ ಬರೋದು ಶ್ರಾವಣಕ್ಕೆ."

ಚೌಡೇಶನ ಗಿರಾಕಿಗಳಿಗೆ ಆಸೆ ಹುಟ್ಟಿತೋ ಇಲ್ಲವೋ, ದೊಡ್ಡಬಸಪ್ಪನಿಗೆ ಹುಟ್ಟಿತು. "ಒಂದಿನದ ಮಟ್ಟಿಗೆ ಕೊಡಪ್ಪ ಚೌಡೇಶ. ಕೈಯಾಗೆ ಹಿಡ್ಕಂಡು ಓಡಾಡ್ತೀನಿ, ಅಷ್ಟೆ. ಮಾತಾಡಕೆ ಜಡೆದೇ ಐತೆ."

ಮದುವೆಯ ದಿನ ಹಿಂದೂಪುರದ ಆ ಕಲ್ಯಾಣಮಂಟಪದಲ್ಲಿ ಮದುಮಕ್ಕಳಿಗಿಂತ ಹೆಚ್ಚು ಓಡಾಡಿದ್ದು ದೊಡ್ಡಬಸಪ್ಪನ ಬಲಗೈ. ಗಾಳಿ ಬೀಸಿಕೊಳ್ಳಲು ಫೋನು, ಅಡುಗೆಯವರಿಗೆ ದಾರಿ ತೋರಿಸಲು ಫೋನು, ಕೈಮುಗಿದರೂ ಅಂಗೈಗಳ ನಡುವೆ ಫೋನು. ಕೇಳಿದವರಿಗೆಲ್ಲ ಒಂದೇ ಉತ್ತರ: "ದುಬೈ ಪಾರ್ಟಿ ಕಳಿಸ್ದ. ನಮ್ಮ ಹುಣಸೆಹಣ್ಣು ತಿಂದವ್ನು." ಭ್ರಮರಾಂಬಮ್ಮನ ಕಣ್ಣು ಎರಡು ಸಲ ಆ ಫೋನಿನ ಮೇಲೆ ಹಾದುಹೋದದ್ದನ್ನು ಅವನು ಗಮನಿಸಿದ. ಅಲ್ಲಿಗೇ ಮನೆಗೆ ಹೋಗಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಕ್ಷತೆ ಹಾಕದೆ ಸೋದರಮಾವ ಹೇಗೆ ಹೋದಾನು?

ಆ ಕಡೆಯ ಮದುವೆಗಳಲ್ಲಿ ಮುಯ್ಯಿ ಓದುವ ಪದ್ಧತಿಯಿದೆ. ಮದುಮಗನ ಮುಂದಿನ ತಟ್ಟೆಯಲ್ಲಿ ಯಾರು ಏನಿಟ್ಟರೂ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗಬೇಕು. ಇಟ್ಟವರ ಹೆಸರು, ಊರು, ವಸ್ತು, ಮೂರೂ ಕೂಗಬೇಕು. ತಟ್ಟೆಗೆ ಬಿದ್ದದ್ದು ತಿರುಗಿ ಜೇಬಿಗೆ ಹೋಗುವಂತಿಲ್ಲ. ಅವತ್ತು ಮೈಕು ಹಿಡಿದಿದ್ದವನು ಹರಿಕೃಷ್ಣ. ಕಲ್ಯಾಣದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಗಂಡಿನ ಕಡೆಯ ವೀಡಿಯೋ ತೆಗೆಯುವವನು. ಮೇಲಾಗಿ ಯೂಟ್ಯೂಬಿನಲ್ಲಿ ಒಂದು ಚಾನಲ್ ನಡೆಸುವವನು. ಅವನ ಬಾಯಿಗೆ ಮುಚ್ಚಳ ಮಾಡಿಸುವ ಆಚಾರಿ ಇನ್ನೂ ಹುಟ್ಟಿರಲಿಲ್ಲ.

ದೊಡ್ಡಬಸಪ್ಪ ಎಡಗೈಯಲ್ಲಿ ಅಕ್ಷತೆ, ಬಲಗೈಯಲ್ಲಿ ಫೋನು ಹಿಡಿದು ಮಂಟಪ ಹತ್ತಿದ. ಎಡಗೈಯಲ್ಲಿ ಅಕ್ಷತೆ ಹಾಕುವುದುಂಟೆ? ಅಕ್ಷತೆಯನ್ನು ಬಲಗೈಗೆ ಬದಲಿಸಿಕೊಳ್ಳುವಷ್ಟು ಹೊತ್ತು, ಬರೀ ಅಷ್ಟೇ ಹೊತ್ತು, ಫೋನನ್ನು ಎದುರಿಗಿದ್ದ ತಟ್ಟೆಯಲ್ಲಿಟ್ಟ.

ಮೈಕು ಗುಡುಗಿತು. "ಪೆಂಡ್ಲಿಕೂತುರು ಮೇನಮಾಮ, ಹೆಣ್ಣಿನ ಸೋದರಮಾವ, ಹಿಂದೂಪುರಂ ದೊಡ್ಡಬಸಪ್ಪಗಾರು! ಓರಿಕ್ಸಾ ಅಲ್ಟ್ರಾ ಫೋನು! ಇನ್ನೂ ಅಂಗಡಿಗೇ ಬಂದಿಲ್ಲ, ಅಳಿಯನ ತಟ್ಟೆಗೆ ಬಂದ್ಬುಡ್ತು! ಜಿಲ್ಲಾಕೇ ಫಸ್ಟು! ಚಪ್ಪಟ್ಲು!"

ಮಂಟಪವೇ ಚಪ್ಪಾಳೆ ತಟ್ಟಿತು. ಓಲಗದವರು ಯಾರೂ ಹೇಳದೆಯೇ ಗಟ್ಟಿಮೇಳ ಬಾರಿಸಿದರು. ಭ್ರಮರಾಂಬಮ್ಮ ಎದ್ದು ಬಂದು, ಜನ್ಮದಲ್ಲಿ ಮೊದಲ ಸಲ ಮಾತು ಸಿಗದೆ, ದೊಡ್ಡಬಸಪ್ಪನಿಗೆ ಕೈಮುಗಿದರು. ಅವನ ಕೈಯಿಂದ ಅಕ್ಷತೆ ತಾನಾಗಿಯೇ ಉದುರಿತು.

ಅಷ್ಟರಲ್ಲಿ ಮಿತಭಾಷಿ ಅಮರೇಶ ಫೋನನ್ನೆತ್ತಿ ಪಕ್ಕದ ಗುಂಡಿಯ ಮೇಲೆ ಹೆಬ್ಬೆರಳಿಟ್ಟಿದ್ದ.

"ಏಯ್ ಏಯ್ ಏಯ್! ಆನ್ ಮಾಡ್ಬ್ಯಾಡಪ್ಪ!" ದೊಡ್ಡಬಸಪ್ಪ ಕೂಗಿದ ಕೂಗಿಗೆ ಓಲಗ ನಿಂತಿತು. ಎಲ್ಲರೂ ಅವನನ್ನೇ ನೋಡಿದರು. ಮುಂದೇನು ಹೇಳಬೇಕೆಂದು ಅವನಿಗೂ ಗೊತ್ತಿರಲಿಲ್ಲ. "ಯಾಕಂದ್ರೆ... ಇನ್ನೇನು ಆಷಾಢ ಬಂತಲ್ಲ! ಹೊಸದೇನೂ ಶುರು ಮಾಡಂಗಿಲ್ಲ. ಅಲ್ವರಾ ಅಯ್ನೋರೆ?"

ಮದುವೆ ಮಾಡಿಸುತ್ತಿದ್ದ ರುದ್ರಮುನಿ ಅಯ್ಯನವರು ತಲೆಯೆತ್ತಿದರು. ಬಾವಿ ತೋಡಲು, ಮಗುವಿಗೆ ಹೆಸರಿಡಲು, ಎಮ್ಮೆ ಕೊಳ್ಳಲು ಜನ ಅವರನ್ನು ಕೇಳಿದ್ದುಂಟು. ಫೋನಿನ ವಿಚಾರದಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವರು ವಿಭೂತಿಯ ಹಣೆಯನ್ನು ಗಂಭೀರವಾಗಿ ಸುಕ್ಕುಗಟ್ಟಿಸಿದರು.

"ಸರಿಯಾದ ಮಾತು. ಆಷಾಢದಾಗೆ ಹೊಸ ಸೊಸೇನೇ ಗಂಡನ ಮನೇಲಿ ಇರಬಾರ್ದು ಅಂದ್ಮೇಲೆ, ಹೊಸ ಫೋನು ಹೆಂಗೆ ಬಾಯಿ ಬಿಡ್ತೈತೆ? ಶ್ರಾವಣದ ಎರಡನೇ ಸೋಮವಾರ ಸೊಸೆ ಮನೆಗೆ ಬರೋ ಮುಹೂರ್ತ ಐತಲ್ಲ, ಅದೇ ಮುಹೂರ್ತಕ್ಕೆ ಇದನ್ನೂ ಆನ್ ಮಾಡಿ. ಎರಡೂ ಲಕ್ಷ್ಮಿನೇ."

ಹೀಗೆ ಸ್ನೇಹಲತಾ ಆಷಾಢಕ್ಕೆಂದು ತವರಿಗೆ ಬಂದಳು, ಡಮ್ಮಿ ಫೋನು ಕಲ್ಯಾಣದುರ್ಗಕ್ಕೆ ಹೋಯಿತು.

ಮನೆಯಲ್ಲಿ ಹೆಂಡತಿ ಪುಷ್ಪಲತಾ ಸಂಗತಿ ಕೇಳಿ ತಲೆಯ ಮೇಲೆ ಕೈ ಹೊತ್ತಳು. "ರೀ, ಖಾಲಿ ಡಬ್ಬಿ ಕೊಟ್ಟು ಚಪ್ಪಾಳೆ ಹೊಡಿಸ್ಕಂಡು ಬಂದ್ರಾ? ನಿಮಗೇನ್ರೀ, ನೀವು ಇಲ್ಲಿ ಮಂಡೀಲಿ ಕೂತಿರ್ತೀರಿ. ಆ ಹುಡುಗಿ ಅಲ್ಲಿ ಬಾಳ್ಬೇಕು. ಸಾರಿಗೆ ಉಪ್ಪು ಕಮ್ಮಿ ಆದ್ರೂ 'ನಿಮ್ಮ ಮಾವನ ಫೋನಿನಂಗೆ ಐತೆ' ಅಂತಾರೆ ಆಯಮ್ಮ. ಸಾಯೋಗಂಟ ಅಂತಾರೆ!"

ದೊಡ್ಡಬಸಪ್ಪನಿಗೆ ಅವತ್ತು ಅನ್ನ ಇಳಿಯಲಿಲ್ಲ. ತಂದೆಯಿಲ್ಲದ ಹುಡುಗಿಗೆ ತಾನು ತಂದೆಯಾಗಿ ನಿಂತು ಮಾಡಿದ ಘನಕಾರ್ಯ ಇದೇ ಎಂದು ನಿಜವಾಗಿಯೂ ನಾಚಿಕೆಯಾಯಿತು. ಆಷಾಢ ಮುಗಿಯುವುದರೊಳಗೆ ಜನ ಫೋನನ್ನು ಮರೆತಾರು ಎಂಬ ಒಂದೇ ಆಸೆಯಿತ್ತು. ಹರಿಕೃಷ್ಣ ಎಂಬುವವನು ಇರುವ ತನಕ ಅದೂ ಉಳಿಯುವಂತಿರಲಿಲ್ಲ.

ಭ್ರಮರಾಂಬಮ್ಮ ಫೋನನ್ನು ನಡುಮನೆಯ ಗಾಜಿನ ಬೀರುವಿನಲ್ಲಿಟ್ಟು, ಮುಂದೆ ಒಂದು ಬಟ್ಟಲು ಕುಂಕುಮವಿಟ್ಟಿದ್ದರು. ಹರಿಕೃಷ್ಣ ಕ್ಯಾಮೆರಾ ಹಿಡಿದು ಅಲ್ಲಿಗೇ ಹೋದ. ಜಗತ್ತಿನಲ್ಲಿ ಫೋನನ್ನು ಆನ್ ಮಾಡದೆ ಅದರ ಮೊದಲ ಅನಿಸಿಕೆ ಹೇಳಿದ ವೀಡಿಯೋ ಬಹುಶಃ ಅದೊಂದೇ ಇರಬೇಕು.

"ಫ್ರೆಂಡ್ಸ್, ನಮಸ್ಕಾರಂ! ಓರಿಕ್ಸಾ ಅಲ್ಟ್ರಾ ಫಸ್ಟ್ ಇಂಪ್ರೆಷನ್! ಮೊದ್ಲು ತೂಕ. ಅಬ್ಬಬ್ಬಾ! ಹಪ್ಪಳ ಹಿಡ್ದಂಗೈತೆ ಅನ್ನಾ! ಎರಡು, ಹೀಟ್. ಅರ್ಧ ಗಂಟೆಯಿಂದ ಕೈಯಾಗೆ ಹಿಡ್ದೀನಿ, ಒಂಚೂರು ಬಿಸಿ ಇಲ್ಲ, ಮಡಿಕೆ ನೀರಿನಂಗೆ ತಣ್ಣಗೈತೆ! ಬ್ಯಾಟರಿ ಬಗ್ಗೆ ಮನೆಯೋರ್ನೇ ಕೇಳೋಣ. ಅಮ್ಮಾ, ಚಾರ್ಜಿಂಗ್ ಹೆಂಗೈತೆ?"

"ಬಂದಾಗಿಂದ ಒಂದು ಸಲನೂ ಚಾರ್ಜಿಗೆ ಹಾಕಿಲ್ಲ ಕಣಪ್ಪ," ಎಂದರು ಭ್ರಮರಾಂಬಮ್ಮ ಹೆಮ್ಮೆಯಿಂದ. "ಮೊನ್ನೆ ಧೂಳು ಒರೆಸೋವಾಗ ಕಡಪ ಕಲ್ಲಿನ ಮ್ಯಾಲೆ ಬಿತ್ತು. ಏನೂ ಆಗ್ಲಿಲ್ಲ. ಮಗನ ಹಳೇ ಫೋನು ದಿನಕ್ಕೆ ನಾಕು ಸಲ ಹ್ಯಾಂಗ್ ಆಗ್ತೈತೆ. ಇದು ಇವತ್ತಿನವರೆಗೂ ಒಂದ್ಸಲನಾದ್ರೂ ಆಗೈತಾ? ಕೇಳು."

"ವಿನ್ನಾರಾ, ಕೇಳಿದ್ರಾ ಫ್ರೆಂಡ್ಸ್! ಹ್ಯಾಂಗ್ ಅನ್ನೋದೇ ಇಲ್ಲ!"

ಬೆಳುಗುಪ್ಪದಿಂದ ಕುಂದುರ್ಪಿಯವರೆಗೆ ಆ ವೀಡಿಯೋ ನೋಡದವರಿಲ್ಲ. ಜನ ಬಸ್ಸು ಹಿಡಿದು ಫೋನಿನ ದರ್ಶನಕ್ಕೆ ಬಂದರು. ಊರಿನ ವಿ.ಆರ್.ಓ. ಕೊಂಡಪ್ಪ, ಕಂದಾಯ ಇಲಾಖೆಯ ಸರ್ಕಾರಿ ಮನುಷ್ಯ, ಕನ್ನಡಕ ಒರೆಸಿಕೊಂಡು ನಾಲ್ಕು ಕಣ್ಣಿನ ಕ್ಯಾಮೆರಾವನ್ನು ಪರಿಶೀಲಿಸಿದ. "ಅಮರೇಶಾ, ಆನ್ ಮಾಡಿದ್ಮೇಲೆ ಒಂದಿನ ನಂಗೆ ಕೊಡಪ್ಪ. ಬೆಳೆ ಫೋಟೋ ಹೊಡ್ದು ಅಪ್‌ಲೋಡ್ ಮಾಡ್ಬೇಕು. ಇಂಥಾ ಕ್ಯಾಮೆರಾದಾಗೆ ಒಣಗಿದ ಶೇಂಗಾನೂ ಹಸರಾಗೇ ಬರ್ತೈತೆ."

ವೀಡಿಯೋವನ್ನು ಚೌಡೇಶನೂ ನೋಡಿದ. ಜಡೆಯ ಫೋನಿಗೆ ಅವನ ಕರೆ ಬಂತು. "ಬಸಪ್ಪಣ್ಣ, ಒಂದಿನ ಅಂದು ತಗಂಡು ಹೋಗಿ ನಮ್ಮ ಡಮ್ಮೀನ ಮದ್ವೆ ಮಾಡಿ ಕಳಿಸ್‌ಬಿಟ್ಟಾ? ಶ್ರಾವಣಕ್ಕೆ ಕಂಪನಿಯೋನು ಬತ್ತಾನೆ, ಡಮ್ಮಿ ಎಲ್ಲಿ ಅಂತಾನೆ. ನಾನೇನು ಬೀಗರ ಮನೇಗೆ ಹೋಗೈತೆ ಅನ್ಲಾ?"

ಇನ್ನು ಉಳಿದದ್ದು ಒಂದೇ ದಾರಿ. ಅಸಲಿ ಫೋನು ಅಂಗಡಿಗೆ ಬಂದ ದಿನವೇ ದೊಡ್ಡಬಸಪ್ಪ ತನ್ನ ಪ್ರಾಣದಂತಿದ್ದ ಬುಲೆಟ್ ಗಾಡಿಯನ್ನು ಮಾರಿ ಅದನ್ನು ತಂದ. ಗಾಡಿ ಕೊಂಡವನು ಡಬಡಬ ಎನ್ನಿಸುತ್ತ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತವನು, ಕಣ್ಣೊರೆಸಿಕೊಂಡು ಪುಷ್ಪಲತಾಳಿಗೆ ಹೇಳಿದ: "ಹೋಗ್ಲಿ ಬಿಡೇ. ಬೀರು ಒಳಗಿಂದ ಅದನ್ನ ತೆಗ್ದು ಇದನ್ನ ಮಡಗಿಬಿಟ್ರೆ, ಸುಳ್ಳು ಹೇಳಿದ್ದೆಲ್ಲ ನಿಜ ಆಗ್ಬಿಡ್ತೈತೆ." ಇಷ್ಟು ಒಳ್ಳೆಯ ಉಪಾಯ ಅವನಿಗೆ ಹಿಂದೆಂದೂ ಹೊಳೆದಿರಲಿಲ್ಲ. ಅದೇ ಅನುಮಾನಕ್ಕೆ ಎಡೆಯಾಗಬೇಕಿತ್ತು.

ಶ್ರಾವಣದ ಎರಡನೇ ಸೋಮವಾರ ಕಲ್ಯಾಣದುರ್ಗದ ಬೀಗರ ಮನೆಗೆ ಚಪ್ಪರ, ಬಾಗಿಲಿಗೆ ತೋರಣ. ಸೊಸೆ ಬರುವುದನ್ನು ನೋಡಲು ಬಂದವರು ಕೆಲವರು, ಫೋನು ಆನ್ ಆಗುವುದನ್ನು ನೋಡಲು ಬಂದವರು ಉಳಿದವರೆಲ್ಲ. ರಾಹುಕಾಲ ಕಳೆಯಲಿ ಎಂದು ಸ್ನೇಹಲತಾಳನ್ನು ಬಾಗಿಲ ಮುಂದೆ ಕಾರಿನಲ್ಲೇ ಕೂಡಿಸಿದ್ದರು. ದೊಡ್ಡಬಸಪ್ಪ ಹಣ್ಣಿನ ಬುಟ್ಟಿ ಹೊತ್ತು ಒಬ್ಬನೇ ನಡುಮನೆಗೆ ನುಗ್ಗಿದ, ಬೀರು ತೆರೆದ, ಡಮ್ಮಿಯನ್ನು ಜುಬ್ಬದ ಒಳಜೇಬಿಗೆ ಇಳಿಸಿದ, ಅಸಲಿಯನ್ನು ಅದೇ ಜಾಗದಲ್ಲಿ ಮಲಗಿಸಿದ. ಬುಟ್ಟಿಯಿಂದ ಒಂದು ಮೂಸಂಬಿ ಉರುಳಿದ್ದು ಬಿಟ್ಟರೆ ಸದ್ದೇ ಆಗಲಿಲ್ಲ.

ಮುಹೂರ್ತ ಬಂತು. ಭ್ರಮರಾಂಬಮ್ಮ ಫೋನನ್ನು ಎತ್ತಲು ಕೈ ಹಾಕಿದರು. ಎತ್ತಿದ ಕೈ ಅರ್ಧದಲ್ಲೇ ನಿಂತಿತು.

"ಯಾಕೋ ಭಾರ ಐತಲ್ಲ!"

"ದಿನಾ ಪೂಜೆ ಮಾಡೀರಲ್ಲ ಅಕ್ಕಾರೆ, ಅದ್ಕೇ ತೂಕ ಬಂದೈತೆ," ಎಂದ ದೊಡ್ಡಬಸಪ್ಪ.

ಅಮರೇಶ ಗುಂಡಿ ಒತ್ತಿದ. ಫೋನು ಬೆಳಗಿತು! ಜನ ಹೋ ಎಂದರು. ದೊಡ್ಡಬಸಪ್ಪನ ಎದೆಯ ಮೇಲಿದ್ದ ಗುಂಡುಕಲ್ಲು ಇಳಿದು, ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷಕ್ಕೆ ಆಯುಸ್ಸು ಬಹಳ ಇರಲಿಲ್ಲ. ಫೋನು ಮೊದಲು ಯಾವ ಭಾಷೆ ಎಂದಿತು, ಆಮೇಲೆ ಪಾಸ್‌ವರ್ಡ್ ಎಂದಿತು, ಆಮೇಲೆ ನನಗೆ ಅಪ್‌ಡೇಟ್ ಬೇಕು ಎಂದು ಹಟ ಹಿಡಿದು ಸುತ್ತಲು ಶುರುಮಾಡಿತು. ಸುತ್ತಿತು, ಸುತ್ತಿತು, ನಿಂತೇಹೋಯಿತು.

"ಹ್ಯಾಂಗ್ ಆಯ್ತು," ಎಂದ ಅಮರೇಶ. ಅವತ್ತು ಅವನಾಡಿದ ಮೊದಲ ಮಾತು.

"ಬೆನ್ನು ಬಿಸಿ ಆಗೈತೆ, ಮುಟ್ಟಿ ನೋಡ್ರಿ!" ಎಂದರು ಭ್ರಮರಾಂಬಮ್ಮ. "ಬ್ಯಾಟರಿನೂ ಅರ್ಧ ಖಾಲಿ ತೋರಿಸ್ತೈತೆ! ನಮ್ ಫೋನು ಹಿಂಗಿರ್ಲಿಲ್ಲ ಕಣಪ್ಪ!"

ಹರಿಕೃಷ್ಣ ಲೈವಿನಲ್ಲಿದ್ದ. ಅವನು ತನ್ನ ಹಳೆಯ ವೀಡಿಯೋವನ್ನು ಎಲ್ಲರಿಗೂ ಕೇಳುವಂತೆ ಹಾಕಿದ. ಹಪ್ಪಳದಂತೆ ಹಗುರ! ಮಡಿಕೆ ನೀರಿನಂತೆ ತಂಪು! ಹ್ಯಾಂಗ್ ಅನ್ನೋದೇ ಇಲ್ಲ! ಒಂದೊಂದು ಸಾಕ್ಷಿಗೂ ಚಪ್ಪರದಡಿ ಗುಜುಗುಜು ಏರಿತು. ಕೊನೆಗೆ ಹರಿಕೃಷ್ಣ ಕ್ಯಾಮೆರಾ ಕಡೆ ತಿರುಗಿ ಘೋಷಿಸಿದ: "ಫ್ರೆಂಡ್ಸ್, ಇದಿ ಡೂಪ್ಲಿಕೇಟ್! ಅಸಲಿ ಫೋನನ್ನ ಯಾರೋ ಎತ್ತಿಬುಟ್ಟವ್ರೆ!"

ವಿ.ಆರ್.ಓ. ಕೊಂಡಪ್ಪ ಮುಂದೆ ಬಂದ. ಯಾರು ಯಾರು ಒಳಗೆ ಹೋಗಿದ್ದರು ಎಂದು ವಿಚಾರಣೆಯಾಯಿತು. ಹೋದವನು ಒಬ್ಬನೇ. ಎಲ್ಲರ ಕಣ್ಣೂ ಹಣ್ಣಿನ ಬುಟ್ಟಿಯಿಂದ ಅದನ್ನು ತಂದವನ ಮೇಲೆ ಏರಿತು.

"ಫೋನು ಸಿಗ್ಲಿ. ಆಮ್ಯಾಲೆ ಸೊಸೆ ಕಾರಿಂದ ಇಳೀಲಿ," ಎಂದರು ಭ್ರಮರಾಂಬಮ್ಮ.

ದೊಡ್ಡಬಸಪ್ಪ ಕಾರಿನ ಕಡೆ ನೋಡಿದ. ಕಿಟಕಿಯಲ್ಲಿ ಸ್ನೇಹಲತಾಳ ಮುಖ ಕಾಣಿಸಿತು. ಮಡಿಲಕ್ಕಿಯನ್ನು ಹಿಡಿದ ಹುಡುಗಿ ಏನಾಗುತ್ತಿದೆ ಎಂದು ತಿಳಿಯದೆ ಬೆವರುತ್ತಿದ್ದಳು. ಅವನಿಗೆ ಮಾನ ಹೋದರೆ ಹೋಗಲಿ, ಇನ್ನು ಸುಳ್ಳು ಸಾಕು ಎನ್ನಿಸಿತು. ಜುಬ್ಬದೊಳಗೆ ಕೈ ಹಾಕಿ ಡಮ್ಮಿಯನ್ನು ತೆಗೆದು ಎಲ್ಲರೆದುರಿಗೂ ಎತ್ತಿ ಹಿಡಿದ.

"ನೋಡ್ರಪ್ಪಾ! ನಾನೇ ತಗಂಡಿದ್ದು. ಇದು ಡಮ್ಮಿ! ಒಳಗೆ ಏನೂ ಇಲ್ಲ, ಬರೀ ಪ್ಲಾಸ್ಟಿಕ್ಕು! ಅವತ್ತು ಸುಳ್ಳು ಹೇಳಿ ತಟ್ಟೆಗೆ ಮಡಗಿಬುಟ್ಟೆ. ಆಮ್ಯಾಲೆ ನನ್ನ ಬುಲೆಟ್ ಮಾರಿ ಅಸಲಿ ತಂದು ಬೀರುನಾಗೆ ಇಟ್ಟೀನಿ. ನಿಮ್ ಕೈಯಾಗಿರೋದೇ ಅಸಲಿ! ತಪ್ಪಾಯ್ತು, ಹುಡುಗೀನ ಒಳಕ್ಕೆ ಕರ್ಕಳ್ರಿ!"

ಚಪ್ಪರ ಸ್ತಬ್ಧವಾಯಿತು. ಸತ್ಯಕ್ಕೆ ಇರುವ ಬಲ ಎಂಥದು ಎಂದು ಅವನು ಒಂದು ಗಳಿಗೆ ಹೆಮ್ಮೆಪಟ್ಟ. ಆಮೇಲೆ ಕೊಂಡಪ್ಪ ಕನ್ನಡಕ ತೆಗೆದ.

"ಅಂದ್ರೆ, ನೀನು ಪ್ಲಾಸ್ಟಿಕ್ ಡಬ್ಬಿ ಕದಿಯಕ್ಕೆ ಬಂದು, ಬದಲಿಗೆ ಬುಲೆಟ್ ಮಾರಿ ತಂದ ಫೋನನ್ನ ಇಲ್ಲಿ ಬಿಟ್ಟು ಹೋಯ್ತಿದ್ದೆ. ಏನಯ್ಯಾ ಬಸಪ್ಪ, ಇಷ್ಟು ವರ್ಷದ ಸರ್ವೀಸ್‌ನಾಗೆ ಎಂಥೆಂಥಾ ಸುಳ್ಳು ಕೇಳೀನಿ, ಹಿಂಗೆ ನಷ್ಟ ಮಾಡ್ಕಂಡು ಕದಿಯೋ ಕಳ್ಳನ್ನ ನೋಡಿಲ್ಲ. ನಂಬಂಗಾದ್ರೂ ಹೇಳು."

"ಆನ್ ಮಾಡಿ ನೋಡ್ರಿ ಮತ್ತೆ!" ದೊಡ್ಡಬಸಪ್ಪ ಡಮ್ಮಿಯನ್ನು ಅಮರೇಶನ ಮುಖಕ್ಕೆ ಹಿಡಿದ. "ಒತ್ತಪ್ಪ, ಒತ್ತು! ಒತ್ತಿದ್ರೆ ಗೊತ್ತಾಯ್ತದೆ!"

ಅಮರೇಶನ ಹೆಬ್ಬೆರಳು ಗುಂಡಿಯ ಮೇಲೆ ಇಳಿಯುವುದರಲ್ಲಿತ್ತು.

"ನಿಲ್ಸಿ!" ರುದ್ರಮುನಿ ಅಯ್ಯನವರು ಕೈಯೆತ್ತಿದರು. "ಮುಹೂರ್ತದಾಗೆ ಫೋನಿನ ಗಳಿಗೆ ಮೀರಿ ಹೋಯ್ತು. ಈಗ ಆನ್ ಮಾಡಿದ್ರೆ ಅರಿಷ್ಟ."

"ಅಯ್ನೋರೆ, ಮುಹೂರ್ತ ಗಿಹೂರ್ತ ಏನೂ ಇಲ್ಲ! ಅವತ್ತು ನಾನು ಸುಮ್ನೆ ಹೇಳಿದ್ದು!"

ಅಯ್ಯನವರ ಮುಖ ಕೆಂಪೇರಿತು. "ನೀನು ಸುಮ್ನೆ ಹೇಳಿರಬಹುದು ಬಸಪ್ಪ. ನಾನು ಪಂಚಾಂಗ ನೋಡಿ ಹೇಳೀನಿ. ಸೊಸೆಗೆ ಇನ್ನೂ ನಾಕು ನಿಮಿಷ ಐತೆ, ಮೊದ್ಲು ಅವಳನ್ನ ಕರ್ಕಳ್ರಿ. ಫೋನಿಗೆ ಇನ್ನು ಸಂಕ್ರಾಂತಿ ಕಳೀಬೇಕು."

ಭ್ರಮರಾಂಬಮ್ಮ ಡಮ್ಮಿಯನ್ನು ಕಿತ್ತುಕೊಂಡು ಅಂಗೈಯಲ್ಲಿ ತೂಗಿದರು. ಹಪ್ಪಳದ ಹಗುರ ಕೈಗೆ ಸಿಕ್ಕಿದ್ದೇ ಅವರ ಮುಖ ಅರಳಿತು. "ಇದೇ ಕಣಪ್ಪ ನಮ್ದು! ನನ್ನ ಕೈಗೆ ಗೊತ್ತಾಗಲ್ವಾ?" ಅದನ್ನು ಸೆರಗಿನಿಂದ ಒರೆಸಿ ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ದೊಡ್ಡಬಸಪ್ಪನ ಹತ್ತಿರ ಬಂದು ಪಿಸುಗುಟ್ಟಿದರು. ಅವರ ಪಿಸುಮಾತು ಚಪ್ಪರದ ಕೊನೆಯವರೆಗೂ ಕೇಳಿತು, ಹರಿಕೃಷ್ಣನ ಲೈವಿನಲ್ಲಿ ಜಿಲ್ಲೆಯ ಕೊನೆಯವರೆಗೂ ಕೇಳಿತು.

"ಬೀಗ್ರೆ, ಆಸೆ ಯಾರಿಗಿಲ್ಲ ಹೇಳಿ. ಕೊಟ್ಟ ಮ್ಯಾಲೆ ಮನಸ್ಸು ಹಿಂದಕ್ಕೆ ಎಳೀತು, ಡೂಪ್ಲಿಕೇಟ್ ಮಡಗಿ ಅಸಲಿ ಎತ್ಕಂಡ್ರಿ. ಹೋಗ್ಲಿ ಬಿಡಿ, ನಾನು ಯಾರ್ಗೂ ಹೇಳಲ್ಲ. ಒಪ್ಕಂಡು ವಾಪಸ್ ಕೊಟ್ರಲ್ಲ, ಅದೇ ದೊಡ್ಡತನ." ಬಿಸಿಯಾಗಿ ಸುತ್ತುತ್ತಿದ್ದ ಅಸಲಿ ಫೋನನ್ನು ಅವನ ಜೇಬಿಗೆ ತಾವೇ ಇಳಿಬಿಟ್ಟರು. "ಈ ಡೂಪ್ಲಿಕೇಟ್ ನೀವೇ ಮಡಿಕ್ಕಳ್ರಿ. ನಮಗ್ಯಾಕೆ?"

ಸ್ನೇಹಲತಾ ಬಲಗಾಲಿಟ್ಟು ಒಳಗೆ ಬಂದಳು. ದೊಡ್ಡಬಸಪ್ಪ ಆರತಿ ನೋಡಿ, ಊಟ ಮುಗಿಸಿ, ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುತ್ತ, "ಏಮನ್ನಾ, ಲೈವ್‌ನಾಗೆ ನೀನೇ ಅಲ್ವಾ?" ಎಂದು ಕೇಳಿ, ಪಕ್ಕದ ಸೀಟಿನವಳಿಗೆ ಚೀಲ ಹುಷಾರಮ್ಮ ಎಂದ.

ಈಗ ಮಂಡಿಯಲ್ಲಿ ಜಿಲ್ಲೆಯ ಅತಿ ದುಬಾರಿ ಫೋನು ಹುಣಸೆಹಣ್ಣಿನ ನಡುವೆ ಬಿದ್ದಿರುತ್ತದೆ. ಡೂಪ್ಲಿಕೇಟೆಂದು ಮುಟ್ಟಲು ಯಾರಿಗೂ ಮನಸ್ಸಿಲ್ಲ. ಡಮ್ಮಿ ಕಳೆದುಹೋಯಿತೆಂದು ಕಂಪನಿಗೆ ಬರೆದುಕೊಟ್ಟ ಚೌಡೇಶ ಕೂಡ, ಗಿರಾಕಿಗಳ ಮುಂದೆ ಆ ಫೋನು ತನ್ನ ಅಂಗಡಿಯದೆಂದು ಒಪ್ಪಿಕೊಳ್ಳುವುದಿಲ್ಲ.

ಮೊನ್ನೆ ಆ ಅಸಲಿ ಫೋನಿಗೆ ಸ್ನೇಹಲತಾಳ ವೀಡಿಯೋ ಕಾಲ್ ಬಂತು. ಹುಡುಗಿ ದುಂಡಗಾಗಿದ್ದಳು, ನಗುನಗುತ್ತ ಇದ್ದಳು. "ಮಾವ, ಇಲ್ಲಿ ಎಲ್ರೂ ಚೆನ್ನಾಗವ್ರೆ, ಅತ್ತೆ ನನ್ನ ಒಂದು ಮಾತೂ ಅನ್ನಲ್ಲ," ಎಂದಳು. ದೊಡ್ಡಬಸಪ್ಪನ ಕಣ್ಣು ತುಂಬಿ ಬಂತು. ಬುಲೆಟ್ ಹೋದದ್ದೂ ಸಾರ್ಥಕ ಎಂದುಕೊಂಡ. ಅಷ್ಟರಲ್ಲಿ ಭ್ರಮರಾಂಬಮ್ಮ ಫೋನು ಇಸಿದುಕೊಂಡು, ಅವನ ಮುಖವನ್ನು ಹತ್ತಿರದಿಂದ, ದೂರದಿಂದ, ಮತ್ತೆ ಹತ್ತಿರದಿಂದ ನೋಡಿದರು.

"ಅಬ್ಬಾ ಬೀಗ್ರೆ, ಕಣ್ಣೀರು ಹನಿ ಸಮೇತ ಕಾಣ್ತೈತಲ್ಲ! ಡೂಪ್ಲಿಕೇಟ್‌ನಾಗೇ ಇಷ್ಟು ಕ್ಲಿಯರ್ ಅಂದ್ರೆ, ಸಂಕ್ರಾಂತಿ ಕಳೆದ್ಮ್ಯಾಲೆ ನಮ್ಮ ಅಸಲಿ ಆನ್ ಮಾಡಿದ ದಿನ ನೀವು ಇನ್ನೆಂಗೆ ಕಾಣ್ತೀರೋ!"